ಕಂದೀಲು ತಾತನಿಗೆ ಅವಸರವಿಲ್ಲ

ಲೋಕವೇ ಹೊತ್ತಿ ಉರಿಯುತ್ತಿದ್ದಾಗಲೂ ಒಂದು ಹೆಜ್ಜೆ ಬೇಗ ಹಾಕಿದವನಲ್ಲ ಕಂದೀಲು ತಾತ. ಹಿಂದಿನಿಂದ ರಕ್ಕಸರ ದಂಡು ಅಟ್ಟಿಸಿಕೊಂಡು ಬರುತ್ತಿರಲಿ, ನೆತ್ತಿಯ ಮೇಲೆ ಬೆಂಕಿಯುಗುಳುವ ಹಕ್ಕಿ ಸುತ್ತು ಹಾಕುತ್ತಿರಲಿ, ರಾಜಕುಮಾರಿಯ ಪ್ರಾಣ ಇನ್ನೇನು ಹೋಯಿತು ಎಂಬಂಥ ಗಳಿಗೆಯೇ ಒದಗಿರಲಿ, ಏದುಸಿರು ಬಿಡುತ್ತ ಸೇತುವೆಯ ಬಾಯಿಗೆ ಬಂದು ನಿಂತ ವೀರನನ್ನು ಆತ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಾನೆ, ಸಣ್ಣಗೆ ಕೆಮ್ಮುತ್ತಾನೆ, ಕೈಯಲ್ಲಿದ್ದ ಕಂದೀಲನ್ನು ಕಲ್ಲುಕಟ್ಟೆಯ ಮೇಲಿಟ್ಟು, "ಬೆಳಗಾಗ್ಲಿ, ಹೋದ್ರಾಯ್ತು" ಎನ್ನುತ್ತಾನೆ. ಅಷ್ಟೇ. ಆಮೇಲೆ ಕತ್ತಿ ಝಳಪಿಸಿದರೂ ಆತ ಜಗ್ಗುವವನಲ್ಲ. ಮಾಯಾರತ್ನವನ್ನೇ ಕೈಗೆ ಹಾಕಹೋದರೆ, "ಇಟ್ಕೊಳಪ್ಪಾ, ಮುಂದೆ ಬೇಕಾಗುತ್ತೆ" ಎಂದು ಹಿಂದಕ್ಕೆ ತಳ್ಳುತ್ತಾನೆ.

ಇಂಥ ತಾತ ಯಾವ ಊರಿನಲ್ಲೂ ಇಲ್ಲ. ಆತನಿರುವುದು ಒಂದು ವಿಡಿಯೊ ಗೇಮ್ ಸರಣಿಯೊಳಗೆ. ಶಾಪಗ್ರಸ್ತ ಕೋಟೆ, ಮಾತಾಡುವ ಖಡ್ಗ, ಬೀಗ ಬಿದ್ದ ಪಾತಾಳ ಇತ್ಯಾದಿ ಸಕಲ ಸರಂಜಾಮೂ ಇರುವ ಸಾಹಸದ ಆಟವದು. ಮೂರು ಭಾಗಗಳು ಬಂದಿವೆ. ಅಷ್ಟರಲ್ಲಿ ವೀರರು ಬದಲಾದರು, ಖಳರು ಬದಲಾದರು, ಇಡೀ ರಾಜ್ಯವೇ ಒಂದು ಸಲ ಮುಳುಗಿ ಮತ್ತೆ ಎದ್ದಿತು. ತಾತನದು ಮಾತ್ರ ಅದೇ ಸೇತುವೆ, ಅದೇ ಕೋಟು, ಅದೇ ಕೆಮ್ಮು. ಆಟದ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಆತನಿಗೆ ಜಾಗವಿಲ್ಲ. ಕೊನೆಯಲ್ಲಿ ತೆರೆಯ ಮೇಲೆ ಹೆಸರುಗಳು ಏರಿಹೋಗುವಾಗ ಇತರರು ಎಂಬ ಗುಂಪಿನಲ್ಲಿ, ಕುದುರೆ ಕಾಯುವವನ ಕೆಳಗೆ, ಕಣ್ಣು ಮಿಟುಕಿಸುವುದರೊಳಗೆ ಆತ ಹಾದುಹೋಗಿಬಿಡುತ್ತಾನೆ.

ಆತನನ್ನು ಹುಟ್ಟಿಸಿದವಳು ಆ ಆಟದ ಕಥೆ ಬರೆಯುವ ಹೆಂಗಸು. ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಕಥೆಯಮ್ಮ ಎಂದೇ ಕರೆಯುತ್ತಾರೆ. ಕಚೇರಿಯಿರುವುದು ಬಣ್ಣದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಕಿಟಕಿ ತೆರೆದರೆ ಟರ್ಪೆಂಟೈನ್ ವಾಸನೆ, ಮುಚ್ಚಿದರೆ ಕಂಪ್ಯೂಟರುಗಳ ಕಾವು. ಆ ಕಾವಿನಲ್ಲಿ ಕುಳಿತು ಆಕೆ ಬರೆದ ತಾತ ನಿಜಕ್ಕೂ ಅರ್ಧ ತಾತ ಮಾತ್ರ. ಉಳಿದರ್ಧವನ್ನು ಸೃಷ್ಟಿಸಿದ್ದು ಸಹೋದ್ಯೋಗಿಗಳ ತಪ್ಪುಗಳು. ಮೊದಲ ಭಾಗದಲ್ಲಿ ಏನು ಮಾಡಿದರೂ ಆತನ ಪಾದಗಳು ನೆಲಕ್ಕೆ ತಾಗುತ್ತಿರಲಿಲ್ಲ, ದೇವಲೋಕದಿಂದ ಇಳಿದವನಂತೆ ಒಂದಿಷ್ಟು ಮೇಲೆಯೇ ತೇಲುತ್ತಿದ್ದ. ಸರಿಪಡಿಸಲು ಪುರುಸೊತ್ತಿಲ್ಲದ ಚಿತ್ರಗಾರ್ತಿ ಪಾದ ಮುಚ್ಚುವಷ್ಟು ಉದ್ದದ ಕೋಟು ತೊಡಿಸಿ ಕೈತೊಳೆದುಕೊಂಡಳು. ಹಾಗೆ ಬಂದ ಆ ಕಂದು ಕೋಟು, ಅಣ್ಣನದೋ ಅಪ್ಪನದೋ ಇಳಿಸಿ ತೊಟ್ಟಂತೆ ಕಾಣುವ ಆ ದೊಗಳೆ ವಸ್ತ್ರ, ಈಗ ಆತನ ಚರ್ಮವೇ ಆಗಿದೆ.

ನಡಿಗೆಯದೂ ಅದೇ ಕಥೆ. ಕಟ್ಟೆಯಿಂದ ಎದ್ದು ಸೇತುವೆಯತ್ತ ಹೊರಟವನು ನಡುವೆ ಗಕ್ಕನೆ ನಿಂತು, ಏನನ್ನೋ ಮರೆತು ಬಂದವನಂತೆ ಹಿಂದಿರುಗಿ ದೂರದ ಗುಡ್ಡದತ್ತ ನೋಡಿ, ಮತ್ತೆ ಹೆಜ್ಜೆ ಹಾಕುತ್ತಾನೆ. ಅದು ಪ್ರೋಗ್ರಾಮಿನ ದಾರಿಯ ಲೆಕ್ಕಾಚಾರದಲ್ಲಿ ಆದ ಎಡವಟ್ಟು. ಆದರೆ ಆಟಗಾರರು ಅದಕ್ಕೊಂದು ಪುರಾಣವನ್ನೇ ಕಟ್ಟಿದರು: ಆತನ ಮಗ ಆ ಗುಡ್ಡದಾಚೆ ಹೋದವನು ಬಂದಿಲ್ಲವಂತೆ, ಅಲ್ಲ, ಹೆಂಡತಿಯಂತೆ, ಅಲ್ಲವೇ ಅಲ್ಲ, ಆತನೇ ಒಂದು ಕಾಲದ ರಾಜನಂತೆ. ಯಾರಾದರೂ ಕಥೆಯಮ್ಮನನ್ನೇ ಹಿಡಿದು ಕೇಳಿದರೆ ಆಕೆ ಹೌದೆನ್ನದೆ ಅಲ್ಲವೆನ್ನದೆ ನಕ್ಕುಬಿಡುತ್ತಿದ್ದಳು.

ಕೆಮ್ಮು ಮಾತ್ರ ಅಸಲಿ. ಅದು ಕಥೆಯಮ್ಮನ ಚಿಕ್ಕಪ್ಪನದು. ಚಿಕ್ಕಪ್ಪ ಬಸ್‌ಸ್ಟ್ಯಾಂಡಿನಲ್ಲಿ ಅನೌನ್ಸ್ ಮಾಡುತ್ತಿದ್ದವರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಇನ್ನೇನು ಹೊರಡಲಿದೆ ಎಂದು ಆಯುಷ್ಯವಿಡೀ ಜನರನ್ನು ಓಡಿಸಿದ ಆ ಗಂಭೀರ, ಸ್ವಲ್ಪ ಒಡೆದ ಕಂಠ ತನ್ನ ತಾತನಿಗೆ ಹೇಳಿ ಮಾಡಿಸಿದಂತಿದೆ ಎಂದು ಆಕೆಗೆ ಅನ್ನಿಸಿದಾಗ, ಅವರು ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದರು. ಅವರ ಜಾಗಕ್ಕೆ ಮೊದಲೇ ಮುದ್ರಿಸಿಟ್ಟ ಹುಡುಗಿಯೊಬ್ಬಳ ದನಿ ಬಂದಿತ್ತು. ಮೊದಲ ಸಲ ಧ್ವನಿಮುದ್ರಣಕ್ಕೆ ಬಂದವರು ಹಳೆಯ ಅಭ್ಯಾಸಬಲದಿಂದ ಮೈಕನ್ನು ಬೆರಳಲ್ಲಿ ತಟ್ಟಿ, ಕಿವಿಗೆ ಅಂಗೈ ಮರೆಮಾಡಿ, ಕೆಮ್ಮಿ ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದರು. ಕೆಮ್ಮನ್ನು ತೆಗೆದುಹಾಕಲು ಎಲ್ಲರೂ ಮರೆತರು. ಆಟ ಬಿಡುಗಡೆಯಾಗಿ ಲೋಕವೆಲ್ಲ ಆ ಕೆಮ್ಮನ್ನು ಅನುಕರಿಸತೊಡಗಿದ ಮೇಲೆ ಚಿಕ್ಕಪ್ಪ ಅದನ್ನೊಂದು ವಿದ್ಯೆಯೆಂಬಂತೆ ಸಾಧನೆ ಮಾಡತೊಡಗಿದರು.

ನಾಲ್ಕನೆಯ ಭಾಗಕ್ಕೆ ಹೊಸ ಮೇಲಧಿಕಾರಿ ಬಂದ. ಕೆಟ್ಟವನಲ್ಲ, ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುವ ಮೃದುಭಾಷಿ. ಸಭೆಯಲ್ಲಿ ಅವನು ಸಂಕೋಚದಿಂದಲೇ ಹೇಳಿದ್ದೇನೆಂದರೆ, ಈಗಿನ ಆಟಗಾರರಿಗೆ ಸೇತುವೆಯ ಮುಂದೆ ಬೆಳಗಿಗಾಗಿ ಕಾಯುವ ತಾಳ್ಮೆಯಿಲ್ಲ, ಹೆಚ್ಚಿನವರು ಗುಂಡಿಯೊತ್ತಿ ತಾತನ ದೃಶ್ಯವನ್ನೇ ಹಾರಿಸಿಬಿಡುತ್ತಾರೆ, ಆದ್ದರಿಂದ ಈ ಸಲ ಸೇತುವೆ ಸದಾ ತೆರೆದಿರಲಿ, ತಾತ ಬೇಡ. ಹೇಳಿದ್ದು ಸುಳ್ಳೇನಲ್ಲ. ಕಥೆಯಮ್ಮನೂ ತಲೆಯಾಡಿಸಿದಳು. ಕಾಗದದ ತಾತನನ್ನು ಅಳಿಸುವುದು ಆಕೆಗೆ ದೊಡ್ಡದಲ್ಲ, ಎಷ್ಟೋ ರಾಜರನ್ನು ನಿರ್ದಾಕ್ಷಿಣ್ಯವಾಗಿ ಕೊಂದ ಕೈ ಅದು. ಆದರೆ ಚಿಕ್ಕಪ್ಪನಿಗೆ ಹೇಳುವವರು ಯಾರು? ನಾಳೆಯಿಂದ ನಿಮ್ಮ ದನಿ ಬೇಡ ಎಂಬ ಮಾತನ್ನು ಒಂದು ಸಲ ಕೇಳಿಸಿಕೊಂಡ ಕಿವಿಗೆ ಅದನ್ನೇ ಮತ್ತೊಮ್ಮೆ, ಅದೂ ಮನೆಮಗಳ ಬಾಯಿಂದ ಕೇಳಿಸುವುದು ಹೇಗೆ?

ಭಾನುವಾರ ಧೈರ್ಯ ಮಾಡಿ ಹೋದಳು. ಬಾಗಿಲು ತೆರೆದ ಚಿಕ್ಕಮ್ಮ, ಇವರು ಮನೆಯಲ್ಲಿ ಮಾತಾಡುವುದನ್ನೇ ನಿಲ್ಲಿಸಿದ್ದಾರೆ, ನಿನ್ನ ಆಟಕ್ಕೆ ಗಂಟಲು ಉಳಿಸಬೇಕಂತೆ, ನೀವೆಲ್ಲ ವರ್ಷವಿಡೀ ಹೀಗೇ ಆಟ ಮಾಡುತ್ತಿರಿ, ನನಗೂ ನೆಮ್ಮದಿ ಎಂದು ನಗಾಡಿದರು. ಚಿಕ್ಕಪ್ಪ ಬಚ್ಚಲಲ್ಲಿ ಉಪ್ಪುನೀರು ಮುಕ್ಕಳಿಸುತ್ತಿದ್ದರು. ಹೊರಬಂದವರು ಟವೆಲಿನಿಂದ ಬಾಯೊರೆಸಿಕೊಂಡು ಕೇಳಿದ್ದು ಒಂದೇ.

"ಈ ಸಲ ತಾತನಿಗೆ ಮಾತು ಜಾಸ್ತಿ ಇದೆಯೇನಮ್ಮಾ?"

ಇನ್ನೂ ಬರೆಯುತ್ತಿದ್ದೇನೆ ಚಿಕ್ಕಪ್ಪ ಎಂದು ಹಾರಿಕೆಯ ಉತ್ತರ ಕೊಟ್ಟು, ಚಿಕ್ಕಮ್ಮ ಕೊಟ್ಟ ಚಹಾ ಆರುವುದಕ್ಕೂ ಕಾಯದೆ ಗಂಟಲು ಸುಟ್ಟುಕೊಂಡು ಎದ್ದು ಬಂದಳು. ದಾರಿಯುದ್ದಕ್ಕೂ ತನ್ನ ಮೇಲೇ ಸಿಟ್ಟು ಬಂತು.

ಇತ್ತ ಕಚೇರಿಯಲ್ಲಿ ತಾತನನ್ನು ತೆಗೆದ ಆಟವನ್ನು ಪರೀಕ್ಷಿಸಲು ಕೂತವರು ಮೊದಮೊದಲು ಹಾಡಿ ಹೊಗಳಿದರು. ಸೇತುವೆ ದಾಟಿದ ಮೇಲೆ ಬರುವ ಆ ದೀರ್ಘರಾತ್ರಿ ಎಷ್ಟು ಗೂಢ, ಎಷ್ಟು ವಿಷಾದಮಯ ಎಂದರು. ಮೇಲಧಿಕಾರಿಯೂ, ಅದು ತನ್ನದೇ ಕಲ್ಪನೆಯೋ ಏನೋ ಎಂಬಂತೆ, ವಿನಯದಿಂದ ಮುಗುಳ್ನಕ್ಕ. ಆಮೇಲೆ ಒಬ್ಬಳು, ಊರಿನ ಅಂಗಡಿಗಳು ಬಾಗಿಲೇ ತೆಗೆಯುತ್ತಿಲ್ಲ, ಔಷಧಿ ಕೊಳ್ಳುವುದು ಎಲ್ಲಿ ಎಂದಳು. ಇನ್ನೊಬ್ಬ, ಕೋಟೆಯ ಕಾವಲುಗಾರ ಆಕಳಿಸುತ್ತಲೇ ಇದ್ದಾನೆ, ಪಾಳಿ ಬದಲಾಗುತ್ತಿಲ್ಲ ಎಂದ. ಕೋಳಿಗಳು ಗೂಡು ಬಿಟ್ಟು ಬರಲಿಲ್ಲ, ರಾಜಕುಮಾರಿ ಮಲಗಿದವಳು ಏಳಲಿಲ್ಲ. ಆ ಲೋಕದಲ್ಲಿ ಸೂರ್ಯ ಹುಟ್ಟುವುದೇ ನಿಂತುಹೋಗಿತ್ತು.

ಎಲ್ಲರೂ ತಲೆ ಕೆರೆದುಕೊಂಡರು. ಕೊನೆಗೆ ಕಾರಣ ಸಿಕ್ಕಿದ್ದು ಎಲ್ಲರೂ ಮಫ್ಲರ್ ಎಂದು ಕರೆಯುವವನಿಗೆ. ಫ್ಯಾನಿನ ಗಾಳಿಗೆ ಹೆದರಿ ಬೇಸಿಗೆಯಲ್ಲೂ ಕುತ್ತಿಗೆಗೆ ಉಣ್ಣೆ ಸುತ್ತಿಕೊಂಡೇ ಕೂರುವ ಹಿರಿಯ ಪ್ರೋಗ್ರಾಮರ್ ಆತ, ಮೊದಲ ಭಾಗದಿಂದಲೂ ಇದ್ದವನು. ತೆರೆಯನ್ನು ನೋಡುತ್ತ ನೋಡುತ್ತ ಅವನ ಮುಖ ಕೆಂಪಾಯಿತು, ಆಮೇಲೆ ಭುಜ ಕುಲುಕಿತು, ಕಡೆಗೆ ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಮೊದಲ ಭಾಗದ ಗಡಿಬಿಡಿಯಲ್ಲಿ ಆಟದೊಳಗಿನ ಗಡಿಯಾರ ಇನ್ನೂ ತಯಾರಾಗಿರಲಿಲ್ಲವಂತೆ. ಬೆಳಗಾಯಿತು ಎಂದು ಲೋಕಕ್ಕೆ ತಿಳಿಸಲು ಏನಾದರೊಂದು ಸೂಚನೆ ಬೇಕಿತ್ತಂತೆ. ಕೈಗೆ ಸಿಕ್ಕಿದ್ದು ತಾತ. ಬೆಳಗಾದಾಗ ತಾತ ಕಂದೀಲು ಆರಿಸಬೇಕು ಎಂದಿದ್ದುದನ್ನು ತಿರುಗಿಸಿ, ತಾತ ಕಂದೀಲು ಆರಿಸಿದರೆ ಬೆಳಗಾಗಬೇಕು ಎಂದು ಬರೆದುಬಿಟ್ಟಿದ್ದ.

"ತಾತ್ಕಾಲಿಕ ಅಂತ ಮಾಡಿದ್ದು ಕಣ್ರೀ" ಎಂದ ಕಣ್ಣೊರೆಸಿಕೊಳ್ಳುತ್ತ. "ಆಮೇಲೆ ಸರಿಮಾಡೋಣ ಅಂತಿದ್ದೆ."

ಆ ಆಮೇಲೆ ಬರಲೇ ಇಲ್ಲ. ಮೂರು ಭಾಗಗಳ ಅಂಗಡಿ, ಪೇಟೆ, ಪಾಳಿ, ಕೋಳಿ, ಅರಮನೆಗಳೆಲ್ಲ ಆ ಬೆಳಗಿಗೆ ಒಂದೊಂದಾಗಿ ಗಂಟುಬಿದ್ದಿದ್ದವು. ಅದನ್ನೆಲ್ಲ ಈಗ ಬಿಡಿಸಹೊರಟರೆ ಯಾವ ಎಳೆ ಎಲ್ಲಿ ಕಿತ್ತು ಬರುತ್ತದೋ ತನಗೂ ಗೊತ್ತಿಲ್ಲ ಎಂದ ಮಫ್ಲರ್. ಹಾಗಾದರೆ ತಾತ ಇರಲಿ, ಕಣ್ಣಿಗೆ ಕಾಣದಿದ್ದರಾಯಿತು ಎಂದು ಯಾರೋ ಜಾಣತನ ತೋರಿದರು. ಅದನ್ನೂ ಮಾಡಿ ನೋಡಿದ್ದಾಯಿತು. ಕತ್ತಲಲ್ಲಿ ಒಂದು ಕಂದೀಲು ತಾನೇ ತಾನಾಗಿ ಗಾಳಿಯಲ್ಲಿ ತೇಲಿಬಂದು, ನಡುವೆ ಗಕ್ಕನೆ ನಿಂತು, ಪರೀಕ್ಷೆಗೆ ಕೂತವಳ ಕಿವಿಯ ಪಕ್ಕದಲ್ಲೇ ಕೆಮ್ಮಿತು. ಅವಳು ಕಿರುಚಿದ್ದಕ್ಕೆ ಕೆಳಗಿನ ಬಣ್ಣದ ಅಂಗಡಿಯವನು ಮೆಟ್ಟಿಲು ಹತ್ತಿ ಬಂದ.

ಮೇಲಧಿಕಾರಿ ಆ ಮಧ್ಯಾಹ್ನ ಹಳೆಯ ಭಾಗವೊಂದನ್ನು ಹಾಕಿಕೊಂಡು ಒಬ್ಬನೇ ಕುಳಿತ. ಕಥೆಯಮ್ಮ ದೂರದಿಂದಲೇ ನೋಡುತ್ತಿದ್ದಳು. ಅವನು ಸೇತುವೆಗೆ ಬಂದ, ತಾತ ಕೆಮ್ಮಿದ, ಕಂದೀಲಿಟ್ಟ, ಮಾತು ಹೇಳಿದ. ಅವನ ಹೆಬ್ಬೆರಳು ರೂಢಿಯಂತೆ ಗುಂಡಿಯ ಮೇಲೆ ಹೋಯಿತು, ಆದರೆ ಒತ್ತಲಿಲ್ಲ. ಕಾದ. ತಾತ ಎದ್ದು ನಡೆದು, ಹಿಂದಿರುಗಿ ನೋಡಿ, ಕಂದೀಲನ್ನು ಮುಖದ ಮಟ್ಟಕ್ಕೆ ಎತ್ತಿ ಉಫ್ ಎಂದು ಊದಿದ; ನದಿಯ ಮೇಲಿನ ಮಂಜು ಮೊದಲು ಬೂದಿಯಾಗಿ, ಆಮೇಲೆ ಹಾಲಾಗಿ, ಆಮೇಲೆ ಅರಿಶಿನವಾಗಿ ಸರಿಯಿತು. ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ.

"ಇದನ್ನ ನಾನು ಯಾವತ್ತೂ ಪೂರ್ತಿ ನೋಡೇ ಇರ್ಲಿಲ್ಲ" ಎಂದ. ಮತ್ತೆ ಕಥೆಯಮ್ಮನ ಕಡೆ ತಿರುಗಿ, "ನಿಮ್ಮ ಚಿಕ್ಕಪ್ಪನವರಿಗೆ ಯಾವತ್ತು ಪುರುಸೊತ್ತು, ಕೇಳಿ" ಎಂದ.

ಆಕೆಗೆ ಹೋದ ಜೀವ ಬಂದಂತಾಯಿತು. ಹೋಗಿ ಕಿಟಕಿ ತೆರೆದಳು. ಆ ದಿನ ಟರ್ಪೆಂಟೈನ್ ವಾಸನೆಯೂ ಹಿತವಾಗಿತ್ತು.

ಧ್ವನಿಮುದ್ರಣಕ್ಕೆ ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಗಾಜಿನ ಕೋಣೆಯಲ್ಲಿ ಅವರ ಎತ್ತರಕ್ಕೆ ಮೈಕು ಸರಿಮಾಡುತ್ತಿದ್ದ ಕಥೆಯಮ್ಮನಿಗೆ ಮಾತ್ರ ಕೇಳಿಸುವಂತೆ ಮೆಲ್ಲಗೆ ಹೇಳಿದರು.

"ಆವತ್ತು ನೀನು ಬಂದಾಗಲೇ ಗೊತ್ತಾಯ್ತು ಮಗಳೇ. ಬಸ್‌ಸ್ಟ್ಯಾಂಡಲ್ಲೂ ಸಾಹೇಬ್ರು ಇಂಥದೇ ಮುಖ ಮಾಡ್ಕೊಂಡು ಬಂದಿದ್ರು."

ಆಕೆ ಮೈಕು ಬಿಟ್ಟು ಅವರತ್ತ ತಿರುಗಿದಳು. ಗೊತ್ತಿದ್ದೂ ದಿನಾ ಉಪ್ಪುನೀರು ಮುಕ್ಕಳಿಸುತ್ತಿದ್ದಿರಾ ಎಂದು ಕೇಳಿದಳು.

"ಮತ್ತೇನು ಮಾಡ್ಲಿ? ಕರೆದ್ರೆ ಗಂಟಲು ಸರಿ ಇರ್ಬೇಕಲ್ಲ."

ಆಮೇಲೆ ಅವರು ಮೈಕನ್ನು ಬೆರಳಲ್ಲಿ ತಟ್ಟಿದರು, ಕಿವಿಗೆ ಅಂಗೈ ಮರೆಮಾಡಿದರು, ಕೆಮ್ಮಿದರು. ಗಾಜಿನಾಚೆ ಮಫ್ಲರ್, ಚಿತ್ರಗಾರ್ತಿ, ಮೇಲಧಿಕಾರಿ ಎಲ್ಲರೂ ನಿಂತಿದ್ದರು. ಜೀವಮಾನವೆಲ್ಲ ಹೊರಡಿ ಹೊರಡಿ ಎಂದು ಕೂಗಿದ ಆ ಕಂಠ, ಯಾರನ್ನೂ ಎಲ್ಲಿಗೂ ಓಡಿಸದೆ, ಬೆಳಗಾಗ್ಲಿ, ಹೋದ್ರಾಯ್ತು ಎಂದಿತು. ಒಂದೇ ಸಲಕ್ಕೆ ಸರಿಹೋಯಿತು.

ಕಂದೀಲು ತಾತನ ಕುಲದವರು ಎಲ್ಲ ಕಡೆಯೂ ಇದ್ದಾರೆ. ನಾವು ಎಲ್ಲಿಗೋ ಧಾವಿಸುತ್ತಿರುವಾಗ ದಾರಿಗೆ ಅಡ್ಡ ಸಿಗುವವರು, ಹೇಳಿದ್ದನ್ನೇ ಹೇಳುವವರು, ಕೊಟ್ಟರೂ ಏನನ್ನೂ ಇಸಿದುಕೊಳ್ಳದವರು. ಅವರ ಕೋಟು, ಕೆಮ್ಮು, ತಿರುಗಿ ನೋಡುವ ಚಾಳಿ ಎಲ್ಲವೂ ಯಾರದೋ ತಪ್ಪಿನಿಂದ ಬಂದದ್ದಿರಬಹುದು, ಆದರೆ ಅದನ್ನೇ ತಮ್ಮದಾಗಿಸಿಕೊಂಡು ಅವರು ಘನವಾಗಿ ಬದುಕುತ್ತಾರೆ. ಅವರ ಮುಂದೆ ನಿಂತಾಗ ನಾವು ಗಡಿಯಾರ ನೋಡಿಕೊಳ್ಳುತ್ತೇವೆ, ಹೆಬ್ಬೆರಳಿಂದ ಒತ್ತಿ ದಾಟಿಹೋಗಲು ಗುಂಡಿ ಹುಡುಕುತ್ತೇವೆ. ನಮ್ಮ ಬೆಳಗು ಯಾರ ಉಸಿರಿಗೆ ಗಂಟುಬಿದ್ದಿದೆ ಎಂಬುದು, ಗಂಟು ಹಾಕಿದವರಿಗೂ ನೆನಪಿರುವುದಿಲ್ಲ.