ಮೇಸ್ತ್ರಿಯ ಕಿವಿ

ಕಿಡಿ ಹುಟ್ಟಿಸುವ ಕಾಯಿಲಿನ ದಪ್ಪ ವೈರನ್ನು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದಿಂದ ಒಂದು ಅಕ್ಕಿಕಾಳಿನಷ್ಟು ದೂರ ಹಿಡಿದು ಚಿಕ್ಕ ಮೇಸ್ತ್ರಿ ಕೂಗಿದ, "ಹೊಡೀರಿ ಸೆಲ್ಫ್."

ಡ್ರೈವರ್ ಕೀಲಿ ತಿರುಗಿಸಿದ. ಎಂಜಿನ್ ಗುರ್ರೆಂದು ಮುಲುಗಿತು. ವೈರಿನ ತುದಿಯಿಂದ ನೀಲಿ ಕಿಡಿ ಚಟಚಟನೆ ಹಾರಿತು.

"ಕಿಡಿ ಇದೆ," ಅಂದ ಗ್ಯಾರೇಜಿನಲ್ಲಿ ತಗಡು ತಟ್ಟುವ ಟಿಂಕರ್, ಹೆಗಲ ಮೇಲಿಂದ ಬಗ್ಗಿ ನೋಡುತ್ತ.

"ನನಗೂ ಕಣ್ಣಿದೆ."

"ಸಿಟ್ಟು ಯಾಕಪ್ಪ? ಇವತ್ತೊಂದು ದಿನ ಮೂಗಿನ ತುದಿ ತಣ್ಣಗೆ ಇಟ್ಕೋ."

ವ್ಯಾನಿನ ಹಿಂಭಾಗದಲ್ಲಿ ಮೇಸ್ತ್ರಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಬಾಡಿಗೆ ವ್ಯಾನು ಅವರನ್ನು ಮಣ್ಣಿಗೆ ಒಯ್ಯುವ ದಾರಿಯಲ್ಲಿ ಮೂರು ಸಲ ಕೆಮ್ಮಿ, ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು. ಹಿಂದೆ ಗ್ಯಾರೇಜಿನ ಯಜಮಾನರ ಕಾರು, ಅದರ ಹಿಂದೆ ಗಿರಾಕಿಗಳದ್ದು, ಕೊನೆಗೆ ಸಾಲು ಸ್ಕೂಟರು. ಒಗೆದ ಅಂಗಿ ಹಾಕಿಕೊಂಡು ಬಂದಿದ್ದ ಹತ್ತು ಹನ್ನೆರಡು ಮೆಕ್ಯಾನಿಕ್ಕುಗಳು ವ್ಯಾನಿನ ಸುತ್ತ ನಿಂತು, ಕೈ ಮಸಿ ಮಾಡಿಕೊಳ್ಳದೆ ಆಳಿಗೊಂದು ರೋಗ ಹೇಳುತ್ತಿದ್ದರು.

"ಪೆಟ್ರೋಲ್ ಬರ್ತಿಲ್ಲ ಅನ್ಸುತ್ತೆ."

"ಇಲ್ಲಪ್ಪ, ಕಾಯಿಲ್ ಸತ್ತಿದೆ."

"ಇವತ್ತಿಗೆ ಒಂದು ಸಾವು ಸಾಕು, ಸುಮ್ನಿರಿ," ಅಂದ ಟಿಂಕರ್.

ಯಜಮಾನರು ಜನರನ್ನು ಸರಿಸಿಕೊಂಡು ಮುಂದೆ ಬಂದರು. "ಮೂವತ್ತೊಂದು ವರ್ಷ ನಮ್ಮಲ್ಲಿ ಗಾಡಿ ರಿಪೇರಿ ಮಾಡಿದ ಮನುಷ್ಯ. ಅವರೇ ಹೀಗೆ ದಾರೀಲಿ ನಿಂತ್ರೆ ನೋಡಿದವರು ಏನಂತಾರೆ? ಬೇಗ ನೋಡು, ಚಿಕ್ಕ ಮೇಸ್ತ್ರಿ."

ಎರಡು ವರ್ಷದ ಹಿಂದೆ ಅವನಿಗೆ ಆ ಹೆಸರಿರಲಿಲ್ಲ. ಮೇಸ್ತ್ರಿ ಕೆಲಸ ಬಿಟ್ಟು ಹೋದ ಮೇಲೆ ಅವರ ಜಾಗ, ಅವರ ಬೆಂಚು, ಅವರ ಹೆಸರಿನ ಅರ್ಧ, ಎಲ್ಲ ಒಂದೇ ವಾರದಲ್ಲಿ ಸಿಕ್ಕಿತ್ತು.

ಕಾಯಿಲಿನಿಂದ ಕಿಡಿ ಬರುತ್ತಿದೆ, ಪ್ಲಗ್ಗಿಗೆ ಸರಿಯಾಗಿ ತಲುಪುತ್ತಿಲ್ಲ. ಹಾಗಾದರೆ ರೋಗ ನಡುವೆ, ನಾಲ್ಕು ಪ್ಲಗ್ಗಿಗೂ ಸರದಿಯ ಮೇಲೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ. ಕ್ಲಿಪ್ಪು ಎಬ್ಬಿಸಿ ಅದರ ಮುಚ್ಚಳ ತೆಗೆದ, ಬಿಸಿಲಿಗೆ ಓರೆಯಾಗಿ ಹಿಡಿದ. ಒಳಗೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಪೆನ್ಸಿಲಿನಲ್ಲಿ ಎಳೆದಂತೆ ಸಣ್ಣ ಕಪ್ಪು ಗೆರೆ. ಕಿಡಿ ತನಗೊಂದು ಕಳ್ಳದಾರಿ ಸುಟ್ಟುಕೊಂಡಿತ್ತು.

"ಮೇಸ್ತ್ರಿಗೆ ಇದಕ್ಕೆ ಮುಚ್ಚಳ ತೆಗೆಯೋದೇ ಬೇಕಿರಲಿಲ್ಲ," ಅಂದರು ಯಜಮಾನರು. "ಉದ್ದದ ಸ್ಕ್ರೂಡ್ರೈವರ್ ಎಂಜಿನ್ನಿಗೆ ಆನಿಸಿ, ಹಿಡಿ ಕಿವಿಗಿಟ್ಟು ಹೇಳಿಬಿಡೋರು. ಪಾಪ, ಕೊನೆಗೆ ಆ ಕಿವೀನೇ ಕೈಕೊಡ್ತು."

ಅವನು ತಲೆ ಎತ್ತಲಿಲ್ಲ. ಜೇಬಿನಿಂದ ಬ್ಲೇಡು ತೆಗೆದು ಕಪ್ಪು ಗೆರೆಯನ್ನು ಹೆರೆಯತೊಡಗಿದ.

*

ಎರಡು ವರ್ಷದ ಹಿಂದೆ ಗ್ಯಾರೇಜಿಗೆ ಬಂದಿದ್ದ ಔಷಧಿ ಅಂಗಡಿಯವರ ಕಾರು ಅದು, ಮೂರು ಲಕ್ಷ ಕಿಲೋಮೀಟರ್ ದಾಟಿದ್ದು. ಬೆಳಗ್ಗೆಯೆಲ್ಲ ಮೇಸ್ತ್ರಿ ಅದರ ಮೇಲೆ ಬಗ್ಗಿದ್ದರು. ಡಿಸ್ಟ್ರಿಬ್ಯೂಟರಿನ ಒಳಗಿನ ಪಾಯಿಂಟ್ ಹೊಸದು ಹಾಕಿದರು. ಎಂಜಿನ್ ಓಡಿಸಿಟ್ಟು, ಡಿಸ್ಟ್ರಿಬ್ಯೂಟರಿನ ಬುಡದ ಬೋಲ್ಟು ಸಡಿಲಿಸಿ, ಕಿಡಿ ಬೀಳುವ ಹೊತ್ತು ಹೊಂದಿಸಲು ಇಡೀ ಡಬ್ಬಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರು. ಒಂದು ಕಡೆ ಬಂದಾಗ ಸದ್ದು ಬಿಚ್ಚಿಕೊಂಡಿತು, ಎಂಜಿನ್ ಹುರುಪಾಯಿತು. ಅವರು ಅಲ್ಲಿ ನಿಲ್ಲಿಸಲಿಲ್ಲ. ಕೂದಲೆಳೆಯಷ್ಟು ಹಿಂದಕ್ಕೆ ತಂದು ಬಿಗಿದರು.

"ಅಲ್ಲೇ ಚೆನ್ನಾಗಿತ್ತಲ್ಲ ಮೇಸ್ತ್ರಿ. ಯಾಕೆ ಹಿಂದೆ ತಂದ್ರಿ?" ಪಕ್ಕದಲ್ಲಿ ನಿಂತಿದ್ದ ಅವನು ಕೇಳಿದ.

"ವಯಸ್ಸಾದ ಎಂಜಿನ್ ಕಣಪ್ಪ. ಅದರ ದಮ್ಮು ನೋಡ್ಕೊಂಡು ಓಡಿಸ್ಬೇಕು." ಕೈ ಒರೆಸಿಕೊಂಡು ಅವರು ಊಟಕ್ಕೆ ಹೋದರು.

ಅದು ಉತ್ತರವೇ. ಆದರೆ ಅವನಿಗೆ ಉತ್ತರ ಬೇಕಿರಲಿಲ್ಲ, ಕೆಲಸ ಬೇಕಿತ್ತು. ಏಳನೇ ಕ್ಲಾಸಿಗೆ ಪುಸ್ತಕ ಎಸೆದು ಬಂದವನು. ಊರಿನ ಗ್ಯಾರೇಜುಗಳನ್ನೆಲ್ಲ ಸುತ್ತಿ ಇಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಇಪ್ಪತ್ತೆರಡು ವಯಸ್ಸು, ಮೈಯೆಲ್ಲ ಕುದಿತ. ಇನ್ನೂ ಸ್ಪ್ಯಾನರ್ ಎತ್ತಿಕೊಡುವ ಕೆಲಸ. ಮುದುಕ ಎಲ್ಲವನ್ನೂ ಮಂದ ಮಾಡಿ ಇಡುತ್ತಾನೆ ಅಂದುಕೊಂಡ. ಬೋಲ್ಟು ಸಡಿಲಿಸಿದ, ಡಬ್ಬಿಯನ್ನು ಮುಂದಕ್ಕೆ ತಿರುಗಿಸಿದ, ಬಿಗಿದ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಹರೆಯ ಬಂದಂತೆ ಎಗರಿತು.

ಅಷ್ಟರಲ್ಲಿ ಔಷಧಿ ಅಂಗಡಿಯವರು ಬಂದರು. "ಪರವಾಗಿಲ್ವೇ, ಹೊಸ ಗಾಡಿ ಥರ ಇದೆ," ಅಂದು, ಮೇಸ್ತ್ರಿ ಬರುವುದಕ್ಕೂ ಕಾಯದೆ ತೆಗೆದುಕೊಂಡು ಹೋದರು. ಅವನ ಎದೆ ಉಬ್ಬಿತು.

ನಾಲ್ಕನೇ ದಿನ ಕಾರು ಹಗ್ಗ ಕಟ್ಟಿಸಿಕೊಂಡು ಬಂತು. ಉದ್ದನೆಯ ಘಾಟಿ ಹತ್ತುವಾಗ, ಹೆಂಡತಿ ಮಕ್ಕಳು ಒಳಗಿರುವಾಗ, ಬುಸ್ಸೆಂದು ನಿಂತಿತಂತೆ. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಕಿಡಿ ಹೊತ್ತಿಗೆ ಮುಂಚೆ ಬಂದು ಬಂದು ಅದನ್ನು ಬಡಿದು ಕೊಂದಿತ್ತು. ಡಿಸ್ಟ್ರಿಬ್ಯೂಟರಿನ ಗುರುತು ಇರಬೇಕಾದ ಜಾಗಕ್ಕಿಂತ ತೀರ ಮುಂದಿತ್ತು.

"ಕಿಡಿ ಹೊತ್ತು ತೋರ್ಸೋ ಟೈಮಿಂಗ್ ಲೈಟ್ ತಂದ್ಕೊಟ್ಟು ಎಷ್ಟು ದಿನ ಆಯ್ತು?" ಯಜಮಾನರು ಗಿರಾಕಿಯ ಎದುರೇ ಕೇಳಿದರು. "ಮುಟ್ಟಲ್ಲ. ಕಿವಿ ಅಂತೆ, ಕಿವಿ."

ಮೇಸ್ತ್ರಿ ಆ ಗುರುತನ್ನು ತುಂಬ ಹೊತ್ತು ನೋಡಿದರು. "ನನಗೆ ಸರಿಯಾಗೇ ಕೇಳ್ಸಿತ್ತು," ಅಂದರು. ಆಮೇಲೆ ಇವನ ಕಡೆ ತಿರುಗಿದರು. "ನೀನು ಪಕ್ಕದಲ್ಲೇ ಇದ್ದೆಯಲ್ಲ. ನಾನು ಇಟ್ಟಾಗ ಸದ್ದು ಹೇಗಿತ್ತು? ಹೇಳು."

ಇಡೀ ಗ್ಯಾರೇಜು ಅವನ ಮುಖ ನೋಡಿತು.

"ಸ್ವಲ್ಪ ಮುಂದೆ ಇದ್ದ ಹಾಗಿತ್ತು ಮೇಸ್ತ್ರಿ."

"ಆಗಲೇ ಹೇಳೋದಲ್ವೇನಪ್ಪ," ಅಂದರು ಅವರು. ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಸೋಮವಾರದಿಂದ ಅವರು ಕೆಲಸಕ್ಕೆ ಬರಲಿಲ್ಲ.

*

ಗೆರೆ ಹೆರೆದು, ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿದ್ದಾಯಿತು. ಪಾಯಿಂಟುಗಳ ನಡುವಿನ ಸಂದು ಮುಚ್ಚಿಹೋಗುತ್ತ ಬಂದಿತ್ತು. ಸಿಗರೇಟು ಪ್ಯಾಕಿನ ರಟ್ಟು ಮಡಿಸಿ ತೂರಿಸಿ ಅದನ್ನೂ ಸರಿ ಮಾಡಿದ. ಸಂದು ಬದಲಾದರೆ ಕಿಡಿಯ ಹೊತ್ತೂ ಬದಲಾಗುತ್ತದೆ, ಟೈಮಿಂಗ್ ಮತ್ತೆ ಇಡಬೇಕು. ಲೈಟು ಗ್ಯಾರೇಜಿನಲ್ಲಿತ್ತು. ಮುಚ್ಚಳ, ವೈರು ಕೂರಿಸಿ, ಬೋಲ್ಟು ಸಡಿಲಿಸಿ, ಎಂಜಿನ್ ಹೊಡೆಸಿ, ಡಬ್ಬಿ ತಿರುಗಿಸಿದ. ಸದ್ದು ಬಿಚ್ಚಿಕೊಂಡಿತು.

"ಬಂತು, ಬಂತು," ಅಂದರು ಎಲ್ಲರೂ.

ಇನ್ನು ಹಿಂದಕ್ಕೆ ತರಬೇಕು ಎಂದು ಅವನಿಗೆ ಗೊತ್ತಿತ್ತು. ಇಷ್ಟು ಕಣ್ಣು ತನ್ನ ಕೈ ಮೇಲಿರುವುದನ್ನು ತಾಳಲಾರದೆ ಅಲ್ಲೇ ಬಿಗಿದು ಬಾನೆಟ್ ಮುಚ್ಚಿದ.

"ನೀನು ನನ್ನ ಪಕ್ಕ ಕೂತ್ಕೋ ಮಾರಾಯ," ಅಂದ ಡ್ರೈವರ್. "ಮತ್ತೆ ನಿಂತ್ರೆ ನನ್ನ ಕೈಲಿ ಆಗಲ್ಲ."

ಮುಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ ಮೇಸ್ತ್ರಿಯ ಹೆಂಡತಿ ಕೂತಿದ್ದರು. ಅವನು ನಡುವೆ ತೂರಿಕೊಂಡು, ಮಸಿ ಕೈಗಳನ್ನು ಯಾರಿಗೂ ತಾಕದಂತೆ ಮೊಣಕಾಲ ನಡುವೆ ಇಟ್ಟುಕೊಂಡ. ವ್ಯಾನು ಹೊರಟಿತು.

"ನಿನ್ನ ವಿಷಯ ಕೇಳ್ತಿದ್ರು," ಅಂದರು ಆಕೆ. "ಹುಡುಗ ಮೇಲೆ ಬಂದ್ನಾ, ಕೆಲಸ ಹೇಗಿದೆಯಂತೆ ಅಂತ."

ಅವನು ಹೂಂ ಅಂದ.

"ನಿನಗೆ ಗೊತ್ತಾ, ಕಿವಿ ಡಾಕ್ಟ್ರ ಹತ್ರ ಹೋಗಿದ್ರು. ಕಿವಿ ಚೆನ್ನಾಗೇ ಇದೆ, ಹೋಗಿ ಅಂದ್ರು. ಇವರು ನಂಬಲಿಲ್ಲ. ಇನ್ನೊಬ್ಬರ ಹತ್ರ ಹೋದ್ರು, ಅವರೂ ಹಾಗೇ ಅಂದ್ರು. ಮೂರನೆಯವರ ಹತ್ರ ಹಟ ಮಾಡಿ ಕಿವಿಗೆ ಕೇಳ್ಸೋ ಮೆಷಿನ್ ಹಾಕಿಸ್ಕೊಂಡು ಬಂದ್ರು."

"ಚೆನ್ನಾಗಿರೋ ಕಿವಿಗಾ?" ಡ್ರೈವರ್ ನಕ್ಕ.

"ಚೆನ್ನಾಗಿರೋ ಕಿವಿಗೇ. ತಲೆಯೆಲ್ಲ ಗುಂಯ್ ಅನ್ನುತ್ತೆ ಅಂತ ಒದ್ದಾಡೋರು. ತೆಗೆದಿಡಿ ಅಂದ್ರೆ, ಆ ಹುಡುಗನಿಗೆ ಕೇಳ್ಸಿದ್ದು ನನಗೆ ಕೇಳ್ಸಲಿಲ್ಲ ಕಣೆ, ಅನ್ನೋರು." ಆಕೆ ಕಿಟಕಿಯ ಹೊರಗೆ ನೋಡಿದರು. "ಮೊದಲು ಬೀದಿ ತುದೀಲಿ ಸ್ಕೂಟರ್ ತಿರುಗಿದ್ರೆ ಯಾರದ್ದು ಅಂತ ಹೇಳೋರು. ಆಮೇಲೆ ಬಾಗಿಲು ತಟ್ಟಿದ್ರೂ ನನ್ನ ಮುಖ ನೋಡೋರು, ನಿಜವಾಗ್ಲೂ ತಟ್ಟಿದ್ರಾ ಅಂತ."

ಇವತ್ತು ಮಣ್ಣು ಮುಚ್ಚಿದರೆ ಇದೂ ಮುಚ್ಚಿಹೋಗುತ್ತದೆ, ಯಾರೂ ಕೇಳುವುದಿಲ್ಲ. ಬೆಳಗಿನಿಂದ ಆ ಯೋಚನೆ ಅವನಿಗೆ ಹಾಯೆನಿಸಿತ್ತು.

"ಅಮ್ಮ, ಕಿವಿ ಸರಿ ಇತ್ತು."

"ಡಾಕ್ಟ್ರೂ ಅದೇ ಹೇಳಿದ್ದು."

"ಅದಲ್ಲ. ಆ ಕಾರಿಗೆ ಅವರು ಇಟ್ಟಿದ್ದು ಸರಿಯಾಗೇ ಇತ್ತು. ಊಟಕ್ಕೆ ಹೋದಾಗ ನಾನು ತಿರುಗಿಸ್ದೆ. ಆಮೇಲೆ ಎಲ್ಲರ ಮುಂದೆ ಸುಳ್ಳು ಹೇಳ್ದೆ."

ಡ್ರೈವರ್ ಒಮ್ಮೆ ಇವನ ಕಡೆ ನೋಡಿ ಮತ್ತೆ ರಸ್ತೆ ನೋಡಿದ. ಆಕೆ ಅಳಲಿಲ್ಲ, ಬಯ್ಯಲಿಲ್ಲ. "ನಮ್ಮನೆ ನಿನ್ನ ಗ್ಯಾರೇಜಿನಿಂದ ಮೂರನೇ ಬೀದಿ," ಅಂದರು. "ಎರಡು ವರ್ಷ."

ಏರು ಶುರುವಾಯಿತು. ಗೇರು ಇಳಿಸಿ ಡ್ರೈವರ್ ಒತ್ತಿದಂತೆ ಎಂಜಿನ್ನಿನ ಒಳಗಿಂದ ಕಿಣಿಕಿಣಿ ಸದ್ದು ಬಂತು, ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದಂತೆ.

"ಏನದು?" ಅಂದರು ಆಕೆ.

"ಹಳೇ ಗಾಡಿ ಅಲ್ವೇನಮ್ಮ," ಅಂದ ಡ್ರೈವರ್.

"ಅಲ್ಲ," ಅಂದ ಅವನು. "ಈಗಲೂ ಮುಂದೆ ಇಟ್ಟಿದ್ದೀನಿ. ಅವತ್ತಿನ ಹಾಗೇ."

"ಗಾಡಿ ನಿಲ್ಸಪ್ಪ."

"ಏರಲ್ಲಿ ನಿಲ್ಸಿದ್ರೆ ಕಷ್ಟ ಅಮ್ಮ."

"ನಿಲ್ಸು."

ಡ್ರೈವರ್ ಹ್ಯಾಂಡ್‌ಬ್ರೇಕ್ ಎಳೆದ. ಹಿಂದಿನ ಸಾಲೆಲ್ಲ ಒಂದಕ್ಕೊಂದು ಅಂಟಿ ನಿಂತಿತು. ಯಜಮಾನರು ಏದುಸಿರು ಬಿಡುತ್ತ ಬಂದರು, ಟಿಂಕರ್ ಅವರ ಹಿಂದೆ, ಉಳಿದವರು ಅವನ ಹಿಂದೆ.

"ಮತ್ತೇನಾಯ್ತು?"

ಆಕೆ ಕೆಳಗಿಳಿದು ಅವನಿಗೆ ದಾರಿ ಬಿಟ್ಟರು. "ಹೇಳು. ನನಗೆ ಹೇಳಿದ್ದನ್ನೇ ಹೇಳು."

ಅವನು ಹೇಳಿದ. ಮೂರೇ ಮಾತು. ಅಂಗಿ ಬಿಚ್ಚಿಸಿ ಬೀದಿಯಲ್ಲಿ ನಿಲ್ಲಿಸಿದ ಹಾಗಾಯಿತು. ಯಜಮಾನರು, "ನಾನು ಆವತ್ತು ಗಿರಾಕಿ ಎದುರಿಗೇ..." ಅಂದು ಶುರುಮಾಡಿ, ಮುಂದೆ ಹೋಗಲಾರದೆ ಚಪ್ಪಲಿ ನೋಡಿಕೊಂಡರು.

"ಈಗ ಅವರು ಇಡ್ತಿದ್ದ ಹಾಗೆ ಇಡು," ಅಂದರು ಆಕೆ.

"ಲೈಟ್ ತಂದಿಲ್ಲ ಅಮ್ಮ."

"ಅವರು ಅದನ್ನ ಮುಟ್ತಿದ್ರಾ?"

ಎಂಜಿನ್ ಓಡುತ್ತಿರುವಾಗಲೇ ಅವನು ಬಾನೆಟ್ ಎತ್ತಿ ಬೋಲ್ಟು ಸಡಿಲಿಸಿದ. ಡಬ್ಬಿಯನ್ನು ಬೆರಳಲ್ಲಿ ಹಿಡಿದು ಕಾದ. ವ್ಯಾನಿನ ಹಿಂದೆ ಏರಿನುದ್ದಕ್ಕೂ ಕಾರುಗಳು, ಸ್ಕೂಟರುಗಳು ಗುರುಗುರು ಅನ್ನುತ್ತಿದ್ದವು. ಎಲ್ಲ ಸದ್ದೂ ಒಂದರೊಳಗೊಂದು ಕಲಸಿಹೋಗಿತ್ತು.

"ಕೇಳಿಸ್ತಿಲ್ಲ," ಅಂದ, ಯಾರ ಮುಖವನ್ನೂ ನೋಡದೆ.

ಯಜಮಾನರು ತಿರುಗಿ, ತಮ್ಮ ಕಾರಿನ ತನಕ ಇಳಿದುಹೋಗಿ, ಕಿಟಕಿಯಿಂದ ಕೈ ಹಾಕಿ ಕೀಲಿ ತಿರುಗಿಸಿದರು. ಅದರ ಸದ್ದು ನಿಂತಿತು. ಅದನ್ನು ನೋಡಿ ಹಿಂದಿನ ಕಾರೂ ನಿಂತಿತು, ಅದರ ಹಿಂದಿನದೂ. ಟಿಂಕರ್ ಓಡಿಹೋಗಿ ತನ್ನ ಸ್ಕೂಟರ್ ಆರಿಸಿದ. ಕೊನೆಗೆ ಏರಿನ ಬುಡದಲ್ಲಿದ್ದ ಯಾರದೋ ಸ್ಕೂಟರೂ ಸುಮ್ಮನಾಯಿತು. ಮೇಸ್ತ್ರಿಯ ಹೆಂಡತಿ ಬಾನೆಟ್ಟಿನ ಇನ್ನೊಂದು ಬದಿಗೆ ಬಂದು, ಸೆರಗು ಬಿಗಿಹಿಡಿದು, ಎಂಜಿನ್ನಿನ ಮೇಲೆ ತಲೆ ಬಗ್ಗಿಸಿ ನಿಂತರು. ಇಷ್ಟುದ್ದ ರಸ್ತೆಯಲ್ಲಿ ಅದೊಂದೇ ಓಡುತ್ತಿತ್ತು.