ಬಿಸಿಲಲ್ಲಿ ಒಣಗಬೇಕಾದ ದುಪ್ಪಟಿ

"ಗಟ್ಟಿಯಾಗಿ ಹಿಡ್ಕೋ ದೊಡ್ಡಮ್ಮ, ಜಾರ್ತಿದೆ."

ದುಪ್ಪಟಿಯ ಒಂದು ತುದಿ ಸತ್ತವಳ ಮಗಳ ಕೈಯಲ್ಲಿತ್ತು, ಇನ್ನೊಂದು ಸತ್ತವಳ ಅಕ್ಕನ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ತಿರುಚಿದರು. ನೀರು ಬಚ್ಚಲ ಕಲ್ಲಿನ ಮೇಲೆ ಸುರಿಯಿತು. ಯಾರಿಗಾಗಿ ಇಷ್ಟೆಲ್ಲ ನಡೆದಿತ್ತೋ ಅವಳು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು, ಈ ಚಳಿಗಾಲದಲ್ಲಿ ಮೊದಲ ಸಲ ಕೆಮ್ಮಿಲ್ಲದೆ.

"ಹೆಣ ಒಳಗಿಟ್ಕೊಂಡು ಬಟ್ಟೆ ಒಗೆಯೋ ಮನೆ ಇದೊಂದೇ ಇರ್ಬೇಕು," ದೊಡ್ಡಮ್ಮ ಏದುಸಿರು ಬಿಟ್ಟಳು. "ಇಸ್ತ್ರಿ ಎಳೆದ್ರೆ ಕ್ಷಣದಲ್ಲಿ ಒಣಗುತ್ತಪ್ಪ."

"ಬಿಸಿಲಲ್ಲೇ ಒಣಗಿರ್ಬೇಕು ಅಂದಿದ್ಲು ಅಮ್ಮ. ಒಳಗೆ ಒಣಗಿದ್ದು ಮುಗ್ಗಲು ನಾರುತ್ತೆ, ಅಂಥದ್ದು ನನ್ನ ಮೇಲೆ ಹಾಕ್ಬೇಡಿ ಅಂತ."

"ಎಲ್ಲಿದೆಯೇ ಬಿಸಿಲು? ತಂದು ತೋರ್ಸು."

ಮಳೆಗಾಲ ಮುಗಿದು ನದಿ ಇಳಿದರೆ ಸಾಕು, ಆ ಬಯಲಿನ ಊರಿನಲ್ಲಿ ಗಾಳಿ ಸತ್ತು ಬೀಳುತ್ತದೆ. ನದಿಯ ಮಂಜು, ಇಟ್ಟಿಗೆ ಗೂಡುಗಳ ಹೊಗೆ ಎರಡೂ ಬೆರೆತು ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂರುತ್ತವೆ. ಗಾಳಿ ಎಷ್ಟು ಕೆಟ್ಟಿದೆ ಎಂದು ತೋರಿಸಲು ವೃತ್ತದಲ್ಲಿ ಒಂದು ಫಲಕ ನಿಲ್ಲಿಸಿದ್ದಾರೆ. ಅದು ವಾರಗಟ್ಟಲೆ ಕೆಂಪಗೇ ಉರಿಯುತ್ತಿದ್ದುದರಿಂದ ಜನ ಅದನ್ನು ನೋಡುವುದನ್ನೇ ಬಿಟ್ಟಿದ್ದರು. ಶಾಲೆಗೆ ರಜ ಕೊಟ್ಟಾಗಿತ್ತು. ಮನೆಯೊಳಗೇ ಇರಿ ಎನ್ನುತ್ತಾರೆ ಡಾಕ್ಟರು. ಹೊಗೆ ಬಾಗಿಲು ತಟ್ಟಿ ಬರುತ್ತದೆಯೇ?

ಸತ್ತವಳು ಆಸ್ಪತ್ರೆಯ ದುಪ್ಪಟಿ ಒಗೆದು ಸಂಸಾರ ತೂಗಿದವಳು. ಬೀದಿಯವರಿಗೆ ಬಿಳಿಯಕ್ಕ. ಅವಳ ಗಂಡ ಇಟ್ಟಿಗೆ ಗೂಡಿನಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುವವನು, ಹಾಗಾಗಿ ಮಸಿಯಣ್ಣ. ಅವನು ಕಪ್ಪು ಮಾಡ್ತಾನೆ, ಅವಳು ಬಿಳಿ ಮಾಡ್ತಾಳೆ, ಇಬ್ಬರಿಗೂ ಕೆಲಸಕ್ಕೆ ಮೋಸವಿಲ್ಲ ಎಂದು ಬೀದಿ ನಗುತ್ತಿತ್ತು. ಬಿಳಿಯಕ್ಕನೂ ನಗುತ್ತಿದ್ದಳು. ಈಚೆಗೆ ನಕ್ಕರೆ ಕೆಮ್ಮು ಬರುತ್ತಿತ್ತು.

ಮಸಿಯಣ್ಣ ಹೊರಗೆ ಜಗಲಿಯ ಮೇಲೆ ಕೂತಿದ್ದ. ಬೆಳಗಿನಿಂದ ಕೂತೇ ಇದ್ದ. ಯಾರೋ ಕೈಗೆ ಕೊಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು. ಪಕ್ಕದಲ್ಲಿ ಎದುರುಮನೆಯ ದರ್ಜಿ, ಕೊರಳಲ್ಲಿದ್ದ ಅಳತೆ ಪಟ್ಟಿ ತೆಗೆಯುವುದನ್ನೂ ಮರೆತು ಬಂದವನು, ಕಣ್ಣೊರೆಸಿಕೊಂಡ.

"ಇವತ್ತು ಅದೊಂದು ಅನುಕೂಲ ನೋಡು," ಎಂದ ದರ್ಜಿ. "ಕಣ್ಣಲ್ಲಿ ನೀರು ಬರೋಕೆ ದುಃಖಾನೇ ಆಗ್ಬೇಕು ಅಂತಿಲ್ಲ."

ಮಸಿಯಣ್ಣ ತಲೆಯಾಡಿಸಿದ. ಅವನ ಕಣ್ಣಲ್ಲಿ ಹೊಗೆಗೂ ನೀರು ಬಂದಿರಲಿಲ್ಲ. ಒಳಗೆ ಏನಾದರೂ ನೋಯುತ್ತಿದೆಯೇ ಎಂದು ತಡಕಿ ನೋಡಿದ್ದ, ಏನೂ ಸಿಗಲಿಲ್ಲ.

ಗೂಡಿನ ಸಾಹುಕಾರರು ಬಂದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದು ಬಂದು ಅವನ ಭುಜ ಮುಟ್ಟಿದರು.

"ನೀನು ಅವಸರ ಮಾಡ್ಬೇಡಪ್ಪ, ನಿಧಾನಕ್ಕೆ ಬಾ. ಹೊಸಬನ್ನ ಹಾಕಿದೀನಿ. ಅವನೋ, ಬುಟ್ಟಿಗಟ್ಟಲೆ ಸುರೀತಾನೆ. ನಿನ್ನ ಕೈಯ ಹದ ಅವನಿಗೆಲ್ಲಿ ಬರ್ಬೇಕು."

ಮಸಿಯಣ್ಣ ಮೊದಲ ಸಲ ಮುಖ ಎತ್ತಿದ. "ಬುಟ್ಟಿಗಟ್ಟಲೆ?"

"ಹದವಂತೆ, ಹದ!" ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ದೊಡ್ಡಮ್ಮ ತಡೆಯಲಾರದೆ ಅಂದುಬಿಟ್ಟಳು. "ಅದೇ ಗೂಡಿನ ಹೊಗೆ ತಿಂದು ನನ್ನ ತಂಗಿ ಸತ್ತಿದ್ದು. ಗಂಡನೇ ನಿಂತು ಉರಿ ಹಾಕ್ದ, ಇವಳು ಇಲ್ಲಿ ಕೂತು ಕೆಮ್ಮಿದ್ಲು."

ಸಾಹುಕಾರರು ಚಪ್ಪಲಿ ಮೆಟ್ಟಿಕೊಂಡರು. ಮಸಿಯಣ್ಣ ಎದ್ದು, ತಣ್ಣಗಾದ ಚಹಾವನ್ನು ಜೋಪಾನವಾಗಿ ಜಗಲಿಯ ಮೂಲೆಗಿಟ್ಟು, ಮಹಡಿಯ ಮೆಟ್ಟಿಲು ಹತ್ತಿದ.

*

ಆಗ ಊರಿಗೆ ಇದ್ದದ್ದು ಒಂದೇ ಹೊಗೆಕೊಳವೆ. ಮದುವೆಯಾದ ಮೊದಲ ಚಳಿಗಾಲ. ಅವಳು ಆಸ್ಪತ್ರೆಯಿಂದ ತಂದ ಮೊದಲ ಗಂಟು ಒಗೆದು ಮಹಡಿಯ ಮೇಲೆ ಹರವಿದ್ದಳು. ಸಂಜೆ ನೋಡಿದರೆ ಎಲ್ಲದರ ಮೇಲೂ ಎಳ್ಳು ಚೆಲ್ಲಿದ ಹಾಗೆ ಮಸಿ. ಕೈಯಿಂದ ಉಜ್ಜಿದಳು, ಚುಕ್ಕೆ ಇದ್ದದ್ದು ಬರೆಯಾಯಿತು. ಬುಟ್ಟಿ ಸೊಂಟಕ್ಕಿಟ್ಟುಕೊಂಡು ನೇರ ಗೂಡಿಗೇ ನಡೆದಳು.

"ಇಳೀರಿ ಕೆಳಗೆ. ನೀವು ಮಾಡಿದ ಅಡುಗೆ ನೋಡಿ."

"ಉರಿ ನಿಲ್ಸೋಕಾಗಲ್ಲ ಕಣೇ. ಇಟ್ಟಿಗೆ ಅರೆಬೆಂದು ಹಾಳಾಗುತ್ತೆ."

"ನಿಲ್ಸಿ ಅಂದ್ನಾ? ನಾನೂ ಒಲೆ ಕಂಡವಳೇ. ಒಟ್ಟಿಗೆ ತುರುಕಿದ್ರೆ ಹೊಗೆ, ಚೂರುಚೂರೇ ಹಾಕಿದ್ರೆ ಉರಿ. ನಿಮ್ಮಮ್ಮ ಇಷ್ಟೂ ಕಲಿಸ್ಲಿಲ್ವಾ?"

ಅಲ್ಲಿಂದ ಶುರುವಾಯಿತು. ದುಪ್ಪಟಿ ಹರವಿದ ಕೂಡಲೇ ಅವಳು ಹಳೆಯ ಲಂಗದ ಕೆಂಪು ತುಂಡೊಂದನ್ನು ಮಹಡಿಯ ಗಳುವಿಗೆ ಕಟ್ಟುತ್ತಿದ್ದಳು. ಗೂಡಿನ ನೆತ್ತಿಯ ಮೇಲೆ ನಿಂತ ಅವನು ಅದನ್ನು ಕಂಡರೆ ಬುಟ್ಟಿ ಬಿಟ್ಟು ಸಟ್ಟುಗದಷ್ಟು ಸಟ್ಟುಗದಷ್ಟೇ ಕಲ್ಲಿದ್ದಲು ಹಾಕುತ್ತಿದ್ದ. ಬಗ್ಗಿ ಎದ್ದು ಸೊಂಟ ಬಿದ್ದುಹೋಗುತ್ತಿತ್ತು. ಇಟ್ಟಿಗೆ ಚೆನ್ನಾಗಿ ಬೆಂದಿದೆ ಎಂದು ಸಾಹುಕಾರರು ಹೊಗಳುತ್ತಿದ್ದರು. ಹೆಂಡತಿಯ ಬಾವುಟ ನೋಡಿ ಉರಿ ಹಾಕುತ್ತೇನೆ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಮಂಜು ಕವಿದು ಕಾಣದ ದಿನ, ಕಟ್ಟಿದ್ದಾಳೆ ಅಂತಲೇ ಲೆಕ್ಕ.

*

ಮಗಳು ಮಹಡಿಯ ಮೇಲೆ ಹರವಿದ್ದ ದುಪ್ಪಟಿ ಒಣಗಿತೇ ಎಂದು ನೋಡಲು ಬಂದಾಗ ಅಪ್ಪ ಗಳುವಿಗೆ ಕೆಂಪು ಬಟ್ಟೆ ಕಟ್ಟಿ ಗಂಟು ಬಿಗಿಯುತ್ತಿದ್ದ.

"ಅಪ್ಪಾ, ಅದ್ಯಾಕೆ ಈಗ? ಕಾಗೆ ಬರ್ತಿವೆಯಾ?"

"ಕಾಗೆನಾ?"

"ಅಮ್ಮ ಅದನ್ನ ಕಾಗೆ ಓಡ್ಸೋಕೆ ಕಟ್ತಿದ್ಲಲ್ಲ."

"ಹಾಗಂದಿದ್ಲಾ?" ಅವನಿಗೆ ನಗು ಬರುವಂತಾಗಿ ನಿಂತಿತು. ನಾಲ್ಕು ಮಾತಿನಲ್ಲಿ ಹೇಳಿದ. ಮಗಳು ನದಿಯ ಎರಡೂ ದಡದ ಕಡೆ ನೋಡಿದಳು. ಬೂದು ಮಬ್ಬಿನಲ್ಲಿ ಹೊಗೆಕೊಳವೆಗಳು ಸಾಲಾಗಿ ನಿಂತಿದ್ದವು. ಹತ್ತಿರದವು ಕಂಡವು, ದೂರದವು ಇಲ್ಲ.

"ಈಗ ಎಷ್ಟೊಂದು ಗೂಡಾಗಿದೆ ಅಪ್ಪ. ನೀನೊಬ್ಬ ಕಮ್ಮಿ ಹಾಕಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ."

"ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿರ್ದೆ ಏನು. ಆದ್ರೂ ಕಟ್ತಿದ್ಲು. ನಾನೂ ಹಾಕ್ತಿದ್ದೆ."

ಅವನು ಗಳು ಹಿಡಿದುಕೊಂಡೇ ತನ್ನ ಗೂಡಿನ ಕಡೆ ನೋಡುತ್ತ ನಿಂತ. ಅಲ್ಲಿ ಕರಿ ಹೊಗೆ ಉಂಡೆಯುಂಡೆಯಾಗಿ ಎದ್ದಿತು. ಹೊಸಬ ಬುಟ್ಟಿ ಸುರಿದಿರಬೇಕು. ಅವನು ಕಾದ. ಮತ್ತೆ ಎದ್ದಿತು. ಗಾಳಿಯಿಲ್ಲದೆ ಕೆಂಪು ಬಟ್ಟೆ ಜೋತುಬಿದ್ದಿತ್ತು.

"ಅಲ್ಲಿ ಯಾರು ನೋಡ್ತಾರೆ ಅಪ್ಪ?" ಮಗಳು ಮೆಲ್ಲಗೆ ಕೇಳಿದಳು.

"ಯಾರೂ ಇಲ್ಲ," ಎಂದ ಅವನು. "ನೋಡೋನು ಇಲ್ಲೇ ನಿಂತಿದೀನಲ್ಲ."

ಕೆಳಗೆ ಹೆಣ ಒಯ್ಯಲು ಬಂದ ವ್ಯಾನಿನವನು ಹಾರ್ನ್ ಮಾಡಿದ. ಕತ್ತಲಾದರೆ ದಾರಿ ಕಾಣುವುದಿಲ್ಲ, ಎತ್ತಿಬಿಡೋಣ ಎಂದು ದರ್ಜಿ ಕೂಗಿದ. ಇಬ್ಬರೂ ದುಪ್ಪಟಿ ಇಳಿಸಿಕೊಂಡರು. ಅಂಚು ಇನ್ನೂ ತಣ್ಣಗಿತ್ತು. ಮುಗ್ಗಲು ವಾಸನೆಯಿರಲಿಲ್ಲ, ಹೊಗೆಯ ವಾಸನೆಯಿತ್ತು. ಉದ್ದಕ್ಕೂ ಮಸಿಯ ಚುಕ್ಕೆ.

ನಡುಮನೆಯಲ್ಲಿ ಬಿಳಿಯಕ್ಕನ ಮೇಲೆ ಅದನ್ನು ಹರವಿದರು, ಮುಖವೂ ಮುಚ್ಚುವಂತೆ. ಚುಕ್ಕೆಗಳನ್ನು ಕಂಡು ದೊಡ್ಡಮ್ಮ ಅಯ್ಯೋ ಎಂದು ಕೈಯಿಂದ ಒರೆಸಲು ಹೋದಳು.

"ಉಜ್ಜಬೇಡಿ ಅತ್ತಿಗೆ," ಮಸಿಯಣ್ಣ ಅವಳ ಕೈ ಹಿಡಿದ. "ಉಜ್ಜಿದ್ರೆ ಕೂತ್ಬಿಡುತ್ತೆ. ಊದ್ಬೇಕು. ಅವಳು ಹಾಗೇ ಮಾಡ್ತಿದ್ದದ್ದು."

ದೊಡ್ಡಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಕಾಲ ಬಳಿ ಕೂತು ಊದತೊಡಗಿದಳು. ಮಗಳು ಒಂದು ಮಗ್ಗುಲಿಗೆ ಬಂದಳು, ದರ್ಜಿ ಹೊಗೆಗೆಂದು ಮೂಗಿಗೆ ಕಟ್ಟಿದ್ದ ಮುಸುಕು ಇಳಿಸಿಕೊಂಡು ಇನ್ನೊಂದು ಮಗ್ಗುಲಿಗೆ. ಮಸಿ ಸ್ವಲ್ಪಸ್ವಲ್ಪವೇ ಹಾರಿ ನೆಲಕ್ಕೆ ಬಿತ್ತು.

ತಲೆಯ ಕಡೆ ಮಸಿಯಣ್ಣ ಮಂಡಿಯೂರಿದ. ಬಿಳಿಯಕ್ಕನ ಮೂಗಿನ ಪಕ್ಕದಲ್ಲಿ, ದುಪ್ಪಟಿಯ ಮೇಲೆ ಒಂದು ಚುಕ್ಕೆ ಉಳಿದಿತ್ತು. ಬಗ್ಗಿ ಊದಿದ. ಚುಕ್ಕೆ ಹೋಯಿತು. ಬಾಯಿಯ ಮೇಲಿದ್ದ ಬಟ್ಟೆ ಉಸಿರಾಡಿದ ಹಾಗೆ ಚೂರು ಮೇಲೆದ್ದು ಮೆಲ್ಲಗೆ ಇಳಿಯಿತು.

ಅವನು ಮತ್ತೊಮ್ಮೆ ಊದಿದ.