ಅಕ್ಕ ಕಾದು ಮಾಡಿಸಿದ ಹೆರಿಗೆ

ನೋವು ಶುರುವಾಗಿ ಆಸ್ಪತ್ರೆಗೆ ಬಂದ ತಂಗಿ, ಮಂಚ ಹತ್ತುವ ಮೊದಲೇ ಬಾಯಿ ಬಿಟ್ಟಳು. "ಅಕ್ಕ, ನಿನ್ನ ಕೈಗೆ ಸಿಕ್ಕಿದ್ರೆ ಕೊಯ್ಯದೆ ಬಿಡಲ್ವಂತೆ. ನಿಜವೇನೇ?"

ಡಾಕ್ಟರಕ್ಕನಿಗೆ ನಗು ಬಂತು, ಆದರೆ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅವಳು ಈ ಆಸ್ಪತ್ರೆ ಸೇರಿದ ಹೊಸದರಲ್ಲಿ ಆಪರೇಷನ್ ಹೆರಿಗೆ ಅಪರೂಪ. ಈಗ ಹೆಚ್ಚುಕಮ್ಮಿ ಅರ್ಧಕ್ಕರ್ಧ ಹಾಗೆಯೇ.

"ಬಾಯಿಬಡುಕಿ, ಮೊದಲು ಸ್ವಲ್ಪ ಓಡಾಡು," ಎಂದಳು.

ಮಧ್ಯಾಹ್ನವಾದರೂ ಹೆರಿಗೆ ಮುಂದೆ ಸಾಗಲಿಲ್ಲ. ತಂಗಿಯ ಗಂಡ ಬೇಕರಿಯವನು. ಕಿವಿಗೆ ಮೈದಾ ಮೆತ್ತಿಕೊಂಡೇ ಓಡಿಬಂದಿದ್ದ. ಹೆಂಡತಿ ಕೂಗಿದ್ದೇ ತಡ, ಕೈಮುಗಿದುಬಿಟ್ಟ. "ಅಕ್ಕ, ಆಪರೇಷನ್ ಮಾಡ್ಬಿಡಿ. ನನ್ನ ಕೈಲಿ ನೋಡಕ್ಕಾಗ್ತಿಲ್ಲ."

"ಹಾಗಾದ್ರೆ ಕಣ್ಣು ಮುಚ್ಕೊಳಿ. ಹೊಟ್ಟೆ ಅವಳದು!"

ಗದರಿದಳೇನೋ ಸರಿ. ಬೇರೆ ಯಾರ ಗಂಡನಾದರೂ ಹೀಗೆ ಅಂಗಲಾಚಿದ್ದರೆ ಒಪ್ಪಿಬಿಡುತ್ತಿದ್ದಳು. ಹೊರಗೆ ಸಾಲುಗಟ್ಟಿ ಕೂತ ಬಸುರಿಯರು, ವಾರ್ಡಿಗೆಲ್ಲ ಇಬ್ಬರೇ ನರ್ಸುಗಳು, ಗಾಬರಿಬಿದ್ದ ಮನೆಯವರು. ಎಲ್ಲಕ್ಕಿಂತ ಹೆಚ್ಚಾಗಿ ಅವಳದೇ ಭಯ. ಯಾಕೆ ಬೇಗ ಕೊಯ್ಯಲಿಲ್ಲ ಎಂದು ಜಗಳಕ್ಕೆ ಬಂದವರುಂಟು. ಯಾಕೆ ಕೊಯ್ದಿರಿ ಎಂದು ಕೇಳಿದವರು ಒಬ್ಬರೂ ಇಲ್ಲ.

ಮಗುವಿನ ಎದೆಬಡಿತ ಚೆನ್ನಾಗಿತ್ತು. ಹೊರಗಿನ ಸಾಲನ್ನು ಜೊತೆಯ ಡಾಕ್ಟರಿಗೆ ಒಪ್ಪಿಸಿ ಬಂದು, ಅವಳು ತಂಗಿಯ ಸೊಂಟ ನೀವುತ್ತ ಕಾರಿಡಾರಿನಲ್ಲಿ ನಡೆಸಿದಳು.

"ಚಿಕ್ಕಂದಿನಿಂದ್ಲೂ ನೀನು ನನ್ನ ಗೋಳು ಹೊಯ್ಕೊಳೋಕೇ ಹುಟ್ಟಿರೋಳು!" ತಂಗಿ ಹಲ್ಲು ಕಚ್ಚಿ ಬೈದಳು.

"ಹೂಂ ಕಣೇ, ಬೈಯಿ. ಉಸಿರು ಚೆನ್ನಾಗಿ ಆಡ್ತಿದೆ."

ಹೊತ್ತು ಇಳಿಯುವಷ್ಟರಲ್ಲಿ ಹೆಣ್ಣುಕೂಸು ಸೂರು ಹಾರಿಹೋಗುವಂತೆ ಅಳುತ್ತ ಹುಟ್ಟಿತು. ಬೇಕರಿಯವನು ಮಗಳನ್ನು, ಆಗತಾನೇ ಬೆಂದ ಬನ್ನಿನ ಹಾಗೆ, ಒತ್ತಿದರೆಲ್ಲಿ ಕುಗ್ಗೀತೋ ಎಂದು ಅಂಗೈ ಮೇಲೆ ಹಿಡಿದು ನಿಂತ.

"ಎಲ್ರಿಗೂ ಹಿಂಗೇ ಕಾಯ್ತೀಯಾ ಅಕ್ಕ?" ತಂಗಿ ಕೇಳಿದಳು.

"ಎಲ್ರೂ ನನ್ನ ತಂಗಿಯರಲ್ವಲ್ಲೇ."

ಬಾಯಿ ಜಾರಿ ಬಂದ ಮಾತು ಆಡಿದವಳನ್ನೇ ಚುಚ್ಚಿತು.

ಪಕ್ಕದ ಕೋಣೆಯಲ್ಲೊಬ್ಬಳು ಚೊಚ್ಚಲ ಬಸುರಿ. ನಿಧಾನವಾಗುತ್ತಿದೆಯೆಂದು ಸಂಜೆಗೆ ಆಪರೇಷನ್ ಗೊತ್ತುಮಾಡಿದ್ದರು. ಡಾಕ್ಟರಕ್ಕ ಹೋಗಿ ಪರೀಕ್ಷಿಸಿದಳು. ಅವಸರಪಡುವಂಥದ್ದು ಏನೂ ಕಾಣಲಿಲ್ಲ. ಆ ಹುಡುಗಿಗೂ ಅವಳ ಅತ್ತೆಗೂ ಬಿಡಿಸಿ ಹೇಳಿ, ಸ್ಟೂಲ್ ಎಳೆದುಕೊಂಡು ಕೂತಳು. ಹುಡುಗಿಯ ಸೊಂಟವನ್ನೂ ನೀವಿದಳು. ಆದರೆ ಕತ್ತಲಾಗುವ ಹೊತ್ತಿಗೆ ಮಗುವಿನ ಎದೆಬಡಿತ ಕುಸಿಯತೊಡಗಿತು. ಡಾಕ್ಟರಕ್ಕ ಅರೆಗಳಿಗೆಯೂ ತಡಮಾಡಲಿಲ್ಲ. ಆಪರೇಷನ್ ಮಾಡಿ ಮಗುವನ್ನು ಹೊರತೆಗೆದಳು. ತಾಯಿ ಮಗು ಇಬ್ಬರೂ ಕ್ಷೇಮ.

ಅವಳು ಕಾಲೆಳೆಯುತ್ತ ತಂಗಿಯ ಕೋಣೆಗೆ ಬಂದಾಗ ಸುದ್ದಿ ಆಗಲೇ ಮುಟ್ಟಿತ್ತು.

"ಕೊಯ್ದೆಯಂತೆ?"

"ಕಾದು ನೋಡ್ದೆ ಕಣೇ. ಅವಳಿಗೆ ಬೇಕೇ ಬೇಕಿತ್ತು."

ತಂಗಿ ಕೂಸನ್ನು ಮೆಲ್ಲಗೆ ಆಚೆ ಸರಿಸಿ ಮಂಚದಲ್ಲಿ ಜಾಗ ಬಿಟ್ಟಳು. "ಬಾ, ಕಾಲು ಚಾಚು."

ಡಾಕ್ಟರಕ್ಕ ಚಪ್ಪಲಿ ಬಿಟ್ಟು ತಂಗಿಯ ಮಗ್ಗುಲಿಗೆ ಒರಗಿದ್ದೇ, ನಿದ್ದೆಹೋದಳು.